ಅಲೆದ ಮನಸ್ಸನ್ನು ಮರಳಿ ತರುವ ಅಭ್ಯಾಸ: ಧ್ಯಾನವು ಗಮನವನ್ನೂ ಭಾವನೆಗಳನ್ನೂ ಹದಗೊಳಿಸುವ ಬಗೆ

ಧ್ಯಾನಕ್ಕೆ ಕೆಲವು ದಿನ ಕುಳಿತು ಆಮೇಲೆ ಕೈಬಿಟ್ಟವರನ್ನು ಕಾರಣ ಕೇಳಿದರೆ ಬಹುಪಾಲು ಸಿಗುವ ಉತ್ತರ ಒಂದೇ: ‘ನನ್ನ ಮನಸ್ಸು ಒಂದು ಕಡೆ ನಿಲ್ಲುವುದೇ ಇಲ್ಲ, ಇದು ನನಗೆ ಒಗ್ಗುವಂಥದ್ದಲ್ಲ.’ ಯೋಚನೆಗಳೆಲ್ಲ ಅಡಗಿ ಮನಸ್ಸು ನಿಶ್ಚಲವಾದಾಗ ಮಾತ್ರ ಧ್ಯಾನವಾಯಿತು, ಉಳಿದ ಹೊತ್ತೆಲ್ಲ ವ್ಯರ್ಥವಾಯಿತು ಎಂಬ ನಂಬಿಕೆ ಈ ಉತ್ತರದ ಹಿಂದಿದೆ. ಮನೋವಿಜ್ಞಾನಿಗಳೂ ನರವಿಜ್ಞಾನಿಗಳೂ ಈಚಿನ ದಶಕಗಳಲ್ಲಿ ನಡೆಸಿದ ಅಧ್ಯಯನಗಳನ್ನು ಓದುತ್ತ ಹೋದರೆ, ಧ್ಯಾನದ ಹಳೆಯ ಪಠ್ಯಗಳು ಕೊಟ್ಟ ಸೂಚನೆಗಳನ್ನು ಗಮನವಿಟ್ಟು ನೋಡಿದರೆ, ಚಿತ್ರ ಬೇರೆಯೇ ಆಗಿ ಕಾಣುತ್ತದೆ. ಮನಸ್ಸು ಅಲೆದದ್ದು ಅರಿವಿಗೆ ಬರುವ ಕ್ಷಣ ಮತ್ತು ಅದನ್ನು ಬೈಯದೆ ಮರಳಿ ಕರೆತರುವ ಕ್ರಿಯೆ, ಈ ಎರಡರಲ್ಲೇ ತರಬೇತಿಯ ಬಹುಭಾಗ ನಡೆಯುತ್ತದೆ. ಗಮನವನ್ನು ಬಲಪಡಿಸುವುದೂ ಇದೇ, ಸಿಟ್ಟೋ ದುಃಖವೋ ಅಪ್ಪಳಿಸಿದಾಗ ನೆಲೆ ತಪ್ಪದಂತೆ ನೋಡಿಕೊಳ್ಳುವುದೂ ಇದೇ.

ಬೆನ್ನು ನೇರವಾಗಿಟ್ಟು ಕುಳಿತು, ಕಣ್ಣು ಮುಚ್ಚಿ, ಮೂಗಿನ ಹೊಳ್ಳೆಗಳ ಅಂಚಿನಲ್ಲಿ ಉಸಿರು ತಾಕುವುದನ್ನು ಗಮನಿಸಲು ತೊಡಗಿದವರೊಬ್ಬರ ಮೊದಲ ಎರಡು ನಿಮಿಷಗಳನ್ನು ಹತ್ತಿರದಿಂದ ನೋಡೋಣ. ಒಳಗೆ ಬರುವ ಗಾಳಿ ತುಸು ತಣ್ಣಗಿದೆ, ಹೊರಗೆ ಹೋಗುವ ಗಾಳಿ ತುಸು ಬೆಚ್ಚಗಿದೆ, ನಡುವೆ ಒಂದು ಸಣ್ಣ ನಿಲುಗಡೆಯಿದೆ. ಎರಡು ಮೂರು ಉಸಿರು ಹೀಗೆ ಸ್ಪಷ್ಟವಾಗಿ ತಿಳಿಯುತ್ತವೆ. ನಾಲ್ಕನೆಯ ಉಸಿರಿನ ನಡುವೆ ಎಲ್ಲೋ, ಇನ್ನೂ ಉತ್ತರ ಬರೆಯದ ಪತ್ರವೊಂದು ನೆನಪಾಗುತ್ತದೆ. ಪತ್ರದಿಂದ ಅದನ್ನು ಬರೆದವರ ಧಾಟಿ, ಧಾಟಿಯಿಂದ ಹಿಂದೊಮ್ಮೆ ನಡೆದ ವಾಗ್ವಾದ, ವಾಗ್ವಾದದಿಂದ ಅಂದು ಹೇಳಬೇಕಿದ್ದೂ ಹೇಳದೆ ಉಳಿದ ಮಾತು, ಹೀಗೆ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಯೋಚನೆ ಸಾಗುತ್ತದೆ. ಅಷ್ಟರಲ್ಲಿ ದವಡೆ ಬಿಗಿದುಕೊಂಡಿರುತ್ತದೆ, ಹುಬ್ಬು ಗಂಟಿಕ್ಕಿರುತ್ತದೆ. ಉಸಿರು ತನ್ನ ಪಾಡಿಗೆ ನಡೆದೇ ಇದೆ, ಅದನ್ನು ಗಮನಿಸುವವರು ಮಾತ್ರ ಅಲ್ಲಿಲ್ಲ. ಆಮೇಲೆ, ಯಾರೂ ಎಚ್ಚರಿಸದೆ, ‘ಎಲ್ಲಿಗೋ ಹೋಗಿಬಿಟ್ಟಿದ್ದೆ’ ಎಂಬುದು ಥಟ್ಟನೆ ತಿಳಿಯುತ್ತದೆ. ದವಡೆ ಸಡಿಲವಾಗುತ್ತದೆ, ಗಮನ ಮತ್ತೆ ಹೊಳ್ಳೆಗಳ ಅಂಚಿಗೆ ಬರುತ್ತದೆ. ಕುಳಿತವರಿಗೆ ಇದು ಸೋಲಿನಂತೆ ತೋರಬಹುದು. ಅಭ್ಯಾಸದ ದೃಷ್ಟಿಯಿಂದ ಆ ಎರಡು ನಿಮಿಷಗಳಲ್ಲಿ ನಡೆದ ಅತ್ಯಂತ ಬೆಲೆಯುಳ್ಳ ಘಟನೆ ಅದೇ.

1890ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ ಈ ಸಾಮರ್ಥ್ಯದ ಬಗ್ಗೆ ಬರೆದಿದ್ದರು. ಅಲೆಯುವ ಗಮನವನ್ನು ಸ್ವಇಚ್ಛೆಯಿಂದ ಮತ್ತೆ ಮತ್ತೆ ಮರಳಿ ತರುವ ಶಕ್ತಿಯೇ ವಿವೇಚನೆಗೂ ಶೀಲಕ್ಕೂ ಸಂಕಲ್ಪಕ್ಕೂ ಬೇರು, ಅದನ್ನು ಬೆಳೆಸುವ ಶಿಕ್ಷಣವೇ ಎಲ್ಲಕ್ಕಿಂತ ಮಿಗಿಲಾದದ್ದು ಎಂಬುದು ಅವರ ಅಭಿಪ್ರಾಯವಾಗಿತ್ತು. ಇಂಥ ಶಿಕ್ಷಣದ ಆದರ್ಶವನ್ನು ವಿವರಿಸುವಷ್ಟು ಸುಲಭವಾಗಿ ಅದನ್ನು ಕೈಗೂಡಿಸುವ ದಾರಿಯನ್ನು ಹೇಳಲಾಗದು ಎಂದೂ ಅವರೇ ಒಪ್ಪಿಕೊಂಡಿದ್ದರು. ಆ ದಾರಿಯಾದರೋ ಬಹಳ ಹಿಂದೆಯೇ ಬರಹಕ್ಕೆ ಇಳಿದಿತ್ತು. ಚಂಚಲವಾದ ಮನಸ್ಸು ಎಲ್ಲೆಲ್ಲಿಗೆ ಹರಿದುಹೋಗುತ್ತದೋ ಅಲ್ಲಲ್ಲಿಂದ ಅದನ್ನು ಹಿಡಿದು ಮರಳಿ ತರಬೇಕು ಎಂಬುದು ಭಗವದ್ಗೀತೆಯ ಆರನೆಯ ಅಧ್ಯಾಯದ 26ನೆಯ ಶ್ಲೋಕದ ಸೂಚನೆ. ಮನಸ್ಸು ಹರಿದುಹೋಗಲೇಬಾರದು ಎಂಬ ಷರತ್ತು ಆ ಶ್ಲೋಕದಲ್ಲಿ ಇಲ್ಲ ಎಂಬುದನ್ನು ಗಮನಿಸಬೇಕು. ಅದು ಹೋಗುತ್ತದೆ ಎಂದು ಮೊದಲೇ ಒಪ್ಪಿಕೊಂಡು, ಹೋದಾಗ ಏನು ಮಾಡಬೇಕೆಂದು ಮಾತ್ರ ಅದು ಹೇಳುತ್ತದೆ.

ಈ ಹೋಗಿ ಬರುವ ಚಕ್ರವನ್ನು ಮಿದುಳಿನೊಳಗೆ ನೋಡುವ ಪ್ರಯತ್ನವೊಂದು ಅಮೆರಿಕದ ಎಮೊರಿ ವಿಶ್ವವಿದ್ಯಾಲಯದಲ್ಲಿ ನಡೆಯಿತು. ವೆಂಡಿ ಹ್ಯಾಸೆನ್‌ಕ್ಯಾಂಪ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಆ ಅಧ್ಯಯನದಲ್ಲಿ ಧ್ಯಾನದ ರೂಢಿಯಿದ್ದ 14 ಮಂದಿ ಎಂಆರ್‌ಐ ಸ್ಕ್ಯಾನರ್‌ನೊಳಗೆ ಮಲಗಿ 20 ನಿಮಿಷ ಉಸಿರನ್ನು ಗಮನಿಸಿದರು. ಮನಸ್ಸು ಬೇರೆಡೆಗೆ ಹೋಗಿದೆ ಎಂದು ತಿಳಿದ ಕೂಡಲೇ ಒಂದು ಗುಂಡಿಯನ್ನು ಒತ್ತಿ ಮತ್ತೆ ಉಸಿರಿಗೆ ಮರಳಬೇಕಿತ್ತು. ಗುಂಡಿ ಒತ್ತಿದ ಗಳಿಗೆಯನ್ನು ನಡುವೆ ಇಟ್ಟುಕೊಂಡು ಅದರ ಹಿಂದುಮುಂದಿನ ಕೆಲವು ಸೆಕೆಂಡುಗಳನ್ನು ಪರಿಶೀಲಿಸಿದಾಗ ನಾಲ್ಕು ಹಂತಗಳು ಬೇರೆಬೇರೆಯಾಗಿ ಕಂಡವು: ಮನಸ್ಸು ಅಲೆಯುತ್ತಿರುವುದು, ಅಲೆದದ್ದು ತಿಳಿಯುವುದು, ಗಮನವನ್ನು ತಿರುಗಿಸುವುದು, ತಿರುಗಿಸಿದ ಗಮನವನ್ನು ಉಳಿಸಿಕೊಳ್ಳುವುದು.

ಈ ಹಂತಗಳಿಗೆ ಮಿದುಳಿನ ಮೂರು ಜಾಲಗಳು ಹೊಂದಿಕೊಂಡಿದ್ದವು. ಅಲೆಯುವ ಹೊತ್ತಿನಲ್ಲಿ ಚುರುಕಾಗಿದ್ದದ್ದು ಡಿಫಾಲ್ಟ್ ಮೋಡ್ ನೆಟ್‌ವರ್ಕ್. ಹೊರಗಿನ ಕೆಲಸವೇನೂ ಇಲ್ಲದಾಗ ಮಿದುಳು ಸುಮ್ಮನಿರುವುದಿಲ್ಲ ಎಂಬುದನ್ನು ಮಾರ್ಕಸ್ ರೈಕ್ಲ್ ಮತ್ತು ಅವರ ಬಳಗ 2001ರಲ್ಲಿ ತೋರಿಸಿಕೊಟ್ಟಿತು. ಆ ಹೊತ್ತಿನಲ್ಲಿ ಹಳೆಯದನ್ನು ಮೆಲುಕು ಹಾಕುವ, ಮುಂದಿನದನ್ನು ಕಲ್ಪಿಸುವ, ‘ನಾನು’ ಎಂಬುದರ ಸುತ್ತ ಕಥೆ ಹೆಣೆಯುವ ಭಾಗಗಳು ಒಟ್ಟಾಗಿ ಕೆಲಸ ಮಾಡುತ್ತವೆ. ಅಲೆದದ್ದು ತಿಳಿದ ಗಳಿಗೆಯಲ್ಲಿ ಮುಂಭಾಗದ ಇನ್ಸುಲಾ, ಆಂಟೀರಿಯರ್ ಸಿಂಗ್ಯುಲೇಟ್ ಮುಂತಾದ, ಸದ್ಯಕ್ಕೆ ಮುಖ್ಯವಾದದ್ದು ಯಾವುದೆಂದು ಗುರುತಿಸುವ ಭಾಗಗಳು ಎದ್ದು ಕಂಡವು. ಗಮನವನ್ನು ತಿರುಗಿಸಿ ಹಿಡಿದಿಡುವಾಗ ಹಣೆಯ ಹಿಂದಿರುವ ಪ್ರಿಫ್ರಂಟಲ್ ಕಾರ್ಟೆಕ್ಸ್‌ನ ಹೊರಪಾರ್ಶ್ವವೂ ಪೆರೈಟಲ್ ಭಾಗಗಳೂ ಕೆಲಸಕ್ಕೆ ಇಳಿದವು. ಒಂದು ಸಲ ಮನಸ್ಸು ಅಲೆದು ಮರಳಿದರೆ ಈ ಮೂರು ಜಾಲಗಳ ನಡುವೆ ಒಂದು ಹಸ್ತಾಂತರ ಪೂರ್ತಿಯಾಗುತ್ತದೆ. ಮನಸ್ಸು ಅಲೆಯದೆ ಇದ್ದಿದ್ದರೆ ಆ ಹಸ್ತಾಂತರಕ್ಕೆ ಅವಕಾಶವೇ ಇರುತ್ತಿರಲಿಲ್ಲ. ನರವಿಜ್ಞಾನ ಕೊಟ್ಟ ಸಮಾಧಾನಗಳಲ್ಲಿ ಹೊಸಬರಿಗೆ ಇದಕ್ಕಿಂತ ದೊಡ್ಡದು ಮತ್ತೊಂದಿಲ್ಲ ಎಂದು ನನಗೆ ಅನ್ನಿಸುತ್ತದೆ.

ಮನಸ್ಸು ಅಲೆಯುವುದರಿಂದ ಆಗುವ ನಷ್ಟವಾದರೂ ಏನು? ಅಲೆದಾಟಕ್ಕೆ ತನ್ನದೇ ಉಪಯೋಗವಿದೆ. ಯೋಜನೆ ಹಾಕುವುದಕ್ಕೂ ಹೊಸತನ್ನು ಕಲ್ಪಿಸುವುದಕ್ಕೂ ಅದು ಬೇಕು. ತೊಂದರೆ ಇರುವುದು ಅದು ನಮಗೆ ಗೊತ್ತಿಲ್ಲದೆ ನಡೆಯುವುದರಲ್ಲಿ. ಹಾರ್ವರ್ಡ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 2250 ವಯಸ್ಕರನ್ನು ಫೋನಿನ ಆ್ಯಪ್ ಒಂದರ ಮೂಲಕ ದಿನದ ಯಾವುದೋ ಹೊತ್ತಿನಲ್ಲಿ ಪ್ರಶ್ನಿಸಲಾಯಿತು: ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಅದರಲ್ಲೇ ಇದೆಯೇ, ಹೇಗನ್ನಿಸುತ್ತಿದೆ? ಉತ್ತರಗಳ ಪೈಕಿ ಶೇ. 46.9ರಲ್ಲಿ ಮನಸ್ಸು ಮಾಡುತ್ತಿದ್ದ ಕೆಲಸದಲ್ಲಿ ಇರಲಿಲ್ಲ. ಹೀಗೆ ಅಲೆಯುತ್ತಿದ್ದ ಹೊತ್ತಿನಲ್ಲಿ ಜನ ಕಡಿಮೆ ಸಂತೋಷದಿಂದಿದ್ದರು. ಮಾಡುತ್ತಿದ್ದ ಕೆಲಸ ಯಾವುದೆಂಬುದಕ್ಕಿಂತ ಮನಸ್ಸು ಅಲ್ಲಿತ್ತೋ ಇಲ್ಲವೋ ಎಂಬುದೇ ಅವರ ಸಂತೋಷವನ್ನು ಹೆಚ್ಚು ನಿಖರವಾಗಿ ಹೇಳುತ್ತಿತ್ತು. ಗಮನದ ಪ್ರಶ್ನೆಯೂ ಭಾವನೆಯ ಪ್ರಶ್ನೆಯೂ ಮೊದಲ ಸಲ ಕೈ ಹಿಡಿದುಕೊಳ್ಳುವುದು ಇಲ್ಲಿ.

ಗಮನ ಎಂದು ನಾವು ಒಂದೇ ಹೆಸರಿನಿಂದ ಕರೆಯುವುದರಲ್ಲಿ ಹಲವು ಕೆಲಸಗಳು ಅಡಗಿವೆ. ಮೈಕೆಲ್ ಪೋಸ್ನರ್ ಮತ್ತು ಸ್ಟೀವನ್ ಪೀಟರ್ಸನ್ 1990ರಲ್ಲಿ ಅವುಗಳನ್ನು ಮೂರಾಗಿ ವಿಂಗಡಿಸಿದರು. ಎಚ್ಚರವಾಗಿ ಸಿದ್ಧವಾಗಿರುವುದು ಒಂದು, ಬೇಕಾದ ಕಡೆಗೆ ತಿರುಗುವುದು ಇನ್ನೊಂದು, ಎರಡು ಸೆಳೆತಗಳು ಎದುರಾದಾಗ ಒಂದನ್ನು ತಡೆದು ಮತ್ತೊಂದನ್ನು ಆರಿಸಿಕೊಳ್ಳುವುದು ಮೂರನೆಯದು. ಧ್ಯಾನದ ಪದ್ಧತಿಗಳೂ ಇವುಗಳಲ್ಲಿ ಬೇರೆಬೇರೆಯದಕ್ಕೆ ಒತ್ತು ಕೊಡುತ್ತವೆ. ಉಸಿರು, ಮಂತ್ರ, ದೀಪದ ಜ್ವಾಲೆ ಇಂಥ ಒಂದೇ ಆಲಂಬನದಲ್ಲಿ ಮನಸ್ಸನ್ನು ನಿಲ್ಲಿಸುವ ಏಕಾಗ್ರತೆಯ ಧ್ಯಾನ ಒಂದು ಬಗೆ. ಯಾವ ಆಲಂಬನವನ್ನೂ ಹಿಡಿಯದೆ, ಬಂದ ಸದ್ದು, ನೋವು, ಯೋಚನೆ, ಭಾವನೆಗಳನ್ನು ಬಂದಂತೆಯೇ ನೋಡುತ್ತ ಹೋಗುವ ತೆರೆದ ಸಾಕ್ಷಿಭಾವದ ಧ್ಯಾನ ಮತ್ತೊಂದು. ಮೊದಲನೆಯದು ಗಟ್ಟಿಯಾಗದೆ ಎರಡನೆಯದಕ್ಕೆ ಹೋದರೆ ಅದು ಬರೀ ಹಗಲುಗನಸಾಗುವ ಸಂಭವ ಹೆಚ್ಚು. ಆದ್ದರಿಂದಲೇ ಅನೇಕ ಪರಂಪರೆಗಳು ಉಸಿರಿನಿಂದ ಆರಂಭಿಸಿ ಆಮೇಲೆ ಹರವನ್ನು ಹಿಗ್ಗಿಸುತ್ತವೆ.

ಅಭ್ಯಾಸ ಬಲಿತಾಗ ಗಮನದಲ್ಲಿ ಆಗುವ ಬದಲಾವಣೆಯನ್ನು ತೋರಿಸುವ ಒಂದು ಸೊಗಸಾದ ಪ್ರಯೋಗವಿದೆ. ಪರದೆಯ ಮೇಲೆ ಅಕ್ಷರಗಳು ಸರಸರನೆ ಒಂದರ ಹಿಂದೊಂದು ಮೂಡಿ ಮರೆಯಾಗುತ್ತವೆ, ಅವುಗಳ ನಡುವೆ ಎರಡು ಅಂಕಿಗಳು ಬರುತ್ತವೆ, ನೋಡುವವರು ಆ ಎರಡನ್ನೂ ಹೇಳಬೇಕು. ಮೊದಲ ಅಂಕಿ ಬಂದ ಅರ್ಧ ಸೆಕೆಂಡಿನೊಳಗೆ ಎರಡನೆಯದು ಬಂದರೆ ಅನೇಕ ಸಲ ಅದು ಕಣ್ಣಿಗೆ ಬಿದ್ದರೂ ಅರಿವಿಗೆ ಬರುವುದಿಲ್ಲ. ಮನೋವಿಜ್ಞಾನದಲ್ಲಿ ಇದನ್ನು ‘ಅಟೆನ್ಶನಲ್ ಬ್ಲಿಂಕ್’ ಎನ್ನುತ್ತಾರೆ. ಇದು ಮಿದುಳಿನ ಬದಲಿಸಲಾಗದ ಮಿತಿಯಂತೆ ತೋರುತ್ತದೆ. ಆದರೆ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ರಿಚರ್ಡ್ ಡೇವಿಡ್‌ಸನ್ ಅವರ ಪ್ರಯೋಗಾಲಯದಲ್ಲಿ ಹೆಲೀನ್ ಸ್ಲಾಗ್ಟರ್ ಮತ್ತಿತರರು ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂರು ತಿಂಗಳ ವಿಪಶ್ಯನ ಶಿಬಿರ ಮುಗಿಸಿದವರು ಎರಡನೆಯ ಅಂಕಿಯನ್ನು ಮೊದಲಿಗಿಂತ ಹೆಚ್ಚು ಸಲ ಗುರುತಿಸಿದರು. ಅವರ ಮಿದುಳಿನ ವಿದ್ಯುತ್ ಸಂಕೇತಗಳನ್ನು ನೋಡಿದಾಗ ಕಾರಣ ತಿಳಿಯಿತು: ಮೊದಲ ಅಂಕಿಗೆ ಅವರ ಮಿದುಳು ಮುಂಚಿನಷ್ಟು ಶಕ್ತಿಯನ್ನು ವ್ಯಯಿಸುತ್ತಿರಲಿಲ್ಲ. ಒಂದಕ್ಕೆ ಅಂಟಿಕೊಳ್ಳದೆ ಇದ್ದುದರಿಂದ ಮುಂದಿನದಕ್ಕೆ ಮನಸ್ಸು ತೆರವಾಗಿತ್ತು.

ಗಮನವೆಂದರೆ ಹಟ ಹಿಡಿದು ಬಿಗಿಯಾಗಿ ಹಿಡಿದುಕೊಳ್ಳುವುದು ಎಂಬ ಸಾಮಾನ್ಯ ತಿಳಿವಳಿಕೆಯನ್ನು ಈ ಫಲಿತಾಂಶ ಸಡಿಲಿಸುತ್ತದೆ. ಅದೇ ವರ್ಷ ಅದೇ ವಿಶ್ವವಿದ್ಯಾಲಯದಿಂದ ಬಂದ ಮತ್ತೊಂದು ಅಧ್ಯಯನವೂ ಇದೇ ದಿಕ್ಕಿಗೆ ಬೆರಳು ತೋರಿಸಿತು. ಸರಾಸರಿ 19,000 ಗಂಟೆಗಳ ಅಭ್ಯಾಸವಿದ್ದವರಲ್ಲಿ ಏಕಾಗ್ರತೆಯ ಹೊತ್ತಿನಲ್ಲಿ ಗಮನದ ಜಾಲಗಳು ಹೊಸಬರಿಗಿಂತ ಹೆಚ್ಚು ಚುರುಕಾಗಿದ್ದವು, ಸರಾಸರಿ 44,000 ಗಂಟೆಗಳ ಅಭ್ಯಾಸವಿದ್ದವರಲ್ಲಿ ಅವೇ ಜಾಲಗಳು ಹೆಚ್ಚು ಶಾಂತವಾಗಿದ್ದವು. ಆರಂಭದಲ್ಲಿ ಶ್ರಮ ಬೇಕು, ಶ್ರಮದಿಂದ ಕೌಶಲ ಬರುತ್ತದೆ, ಕೌಶಲ ಮೈಗೂಡಿದ ಮೇಲೆ ಶ್ರಮ ತಾನಾಗಿ ಇಳಿಯುತ್ತದೆ. ಅಷ್ಟು ಗಂಟೆಗಳು ಕೆಲವೇ ಸಾಧಕರಿಗೆ ದಕ್ಕುವಂಥವು ಎಂಬುದು ನಿಜವೇ. ಆದರೂ ದಿನಕ್ಕೆ ಕಾಲು ಗಂಟೆ ಕೂರುವವರಿಗೂ ಇದರಲ್ಲಿ ಒಂದು ಕೆಲಸಕ್ಕೆ ಬರುವ ಸೂಚನೆಯಿದೆ. ಹಲ್ಲು ಕಚ್ಚಿ ಉಸಿರಿನ ಹಿಂದೆ ಬಿದ್ದರೆ ತಲೆ ಭಾರವಾಗುತ್ತದೆಯೇ ಹೊರತು ಗಮನ ಸ್ಥಿರವಾಗುವುದಿಲ್ಲ.

ಇನ್ನು ಭಾವನೆಗಳ ವಿಷಯ. ಧ್ಯಾನದ ಬಗ್ಗೆ ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಇಲ್ಲಿಯೇ ಆದ್ದರಿಂದ ಸ್ವಲ್ಪ ನಿಧಾನವಾಗಿ ಹೋಗುವುದು ಒಳ್ಳೆಯದು.

ಫೋನಿಗೆ ಒಂದು ಸಂದೇಶ ಬರುತ್ತದೆ ಎಂದಿಟ್ಟುಕೊಳ್ಳಿ. ಒಟ್ಟಿಗೆ ಕೆಲಸ ಮಾಡುವ ಒಬ್ಬರು, ಹತ್ತು ಜನ ಓದುವ ಗುಂಪಿನಲ್ಲಿ, ನಿಮ್ಮ ತಪ್ಪನ್ನು ಎತ್ತಿ ಬರೆದಿದ್ದಾರೆ. ಓದಿದ ಒಂದೆರಡು ಸೆಕೆಂಡುಗಳಲ್ಲಿ ಎದೆಯ ನಡುವೆ ಬಿಸಿ ಏರುತ್ತದೆ, ಕಿವಿಯ ಹಾಳೆಗಳು ಕೆಂಪಾಗುತ್ತವೆ, ಹೊಟ್ಟೆ ಬಿಗಿಯುತ್ತದೆ, ಉಸಿರು ಮೇಲೆ ಮೇಲೆ ಆಡತೊಡಗುತ್ತದೆ. ಮಿದುಳಿನ ಆಳದಲ್ಲಿರುವ ಅಮಿಗ್ಡಲಾ ಎಂಬ ಬಾದಾಮಿಯಾಕಾರದ ಭಾಗವು ಅಪಾಯದ ಸುಳಿವು ಸಿಕ್ಕಿದ ಕೂಡಲೇ ದೇಹವನ್ನು ಸಜ್ಜುಗೊಳಿಸುವ ಏರ್ಪಾಡಿನಲ್ಲಿ ಮುಖ್ಯ ಪಾತ್ರ ವಹಿಸುತ್ತದೆ. ಎದುರಿಗಿರುವುದು ಹುಲಿಯೋ ಎರಡು ಸಾಲಿನ ಸಂದೇಶವೋ ಎಂದು ಅದು ವಿಚಾರ ಮಾಡುತ್ತ ಕೂರುವುದಿಲ್ಲ. ಇಷ್ಟರವರೆಗೆ ನಡೆದದ್ದು ಯಾರ ಕೈಯಲ್ಲೂ ಇಲ್ಲ. ಆದರೆ ಇದರ ಬೆನ್ನಿಗೇ ಎರಡನೆಯ ಅಲೆ ಏಳುತ್ತದೆ: ‘ಬೇಕೆಂದೇ ಹೀಗೆ ಮಾಡಿದ್ದಾರೆ’, ‘ಯಾವಾಗಲೂ ನನಗೇ ಹೀಗೆ’, ‘ಇವರಿಗೆ ಸರಿಯಾಗಿ ಉತ್ತರ ಕೊಡಬೇಕು’. ಈ ಯೋಚನೆಗಳು ಮೈಯ ಬಿಸಿಯನ್ನು ಹೆಚ್ಚಿಸುತ್ತವೆ, ಮೈಯ ಬಿಸಿ ಯೋಚನೆಗಳನ್ನು ಇನ್ನಷ್ಟು ಖಾರವಾಗಿಸುತ್ತದೆ. ಬೆರಳು ಆಗಲೇ ಉತ್ತರ ಬರೆಯುತ್ತಿರುತ್ತದೆ. ಪಾಲಿ ಸಾಹಿತ್ಯದ ಸಂಯುತ್ತ ನಿಕಾಯದಲ್ಲಿ ಬುದ್ಧನು ಇದನ್ನು ಎರಡು ಬಾಣಗಳ ಉಪಮೆಯಿಂದ ವಿವರಿಸಿದ್ದಾನೆ. ಮೊದಲ ಬಾಣ ಎಲ್ಲರಿಗೂ ತಾಗುತ್ತದೆ, ಎರಡನೆಯದನ್ನು ಮಾತ್ರ ತರಬೇತಿ ಪಡೆದ ಮನಸ್ಸು ತಪ್ಪಿಸಿಕೊಳ್ಳಬಲ್ಲದು.

ತಪ್ಪಿಸಿಕೊಳ್ಳುವುದು ಹೇಗೆ? ಉಸಿರಿನ ಅಭ್ಯಾಸದಲ್ಲಿ ಮಾಡಿದ್ದನ್ನೇ ಇಲ್ಲಿಯೂ ಮಾಡುವುದರಿಂದ. ವಾಗ್ವಾದದ ನೆನಪಿನಲ್ಲಿ ಕೊಚ್ಚಿಹೋಗಿದ್ದ ಮನಸ್ಸು ‘ಹೋಗಿಬಿಟ್ಟಿದ್ದೆ’ ಎಂದು ತಿಳಿದುಕೊಂಡಂತೆ, ಸಂದೇಶ ಓದಿದ ಮನಸ್ಸು ‘ಸಿಟ್ಟು ಬಂದಿದೆ, ಎದೆ ಬಿಸಿಯಾಗಿದೆ, ಬೆರಳು ಓಡುತ್ತಿದೆ’ ಎಂದು ತಿಳಿದುಕೊಳ್ಳುತ್ತದೆ. ಈ ತಿಳಿಯುವಿಕೆ ಎಷ್ಟು ಬೇಗ ಬರುತ್ತದೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಉತ್ತರ ಕಳುಹಿಸಿ ಒಂದು ಗಂಟೆಯಾದ ಮೇಲೆ ಬಂದರೆ ಅದು ಪಶ್ಚಾತ್ತಾಪ. ಕಳುಹಿಸುವ ಮುನ್ನ ಬಂದರೆ ಅದು ಆಯ್ಕೆ. ದಿನವೂ ಕುಳಿತಲ್ಲಿ ಅನೇಕ ಸಲ ಅಲೆದು ಮರಳಿದವರಿಗೆ ದೊರೆಯುವ ಲಾಭವೆಂದರೆ ಈ ಅಂತರ ಗಂಟೆಗಳಿಂದ ನಿಮಿಷಗಳಿಗೆ, ನಿಮಿಷಗಳಿಂದ ಸೆಕೆಂಡುಗಳಿಗೆ ಇಳಿಯುತ್ತ ಬರುವುದು. ಕುಳಿತಾಗ ದವಡೆಯ ಬಿಗಿತವನ್ನು ಗುರುತಿಸಲು ಕಲಿತವರಿಗೆ ಜಗಳದ ನಡುವೆಯೂ ಅದೇ ಬಿಗಿತ ಮುನ್ಸೂಚನೆಯಾಗಿ ಒದಗಿಬರುತ್ತದೆ. ದೇಹದ ಸಂವೇದನೆಗಳನ್ನು ಒಂದೊಂದಾಗಿ ಗಮನಿಸುವ ಅಭ್ಯಾಸಕ್ಕೆ ಅನೇಕ ಪದ್ಧತಿಗಳಲ್ಲಿ ಅಷ್ಟೊಂದು ಮಹತ್ವ ಇರುವುದೂ ಇದೇ ಕಾರಣಕ್ಕೆ, ಏಕೆಂದರೆ ಭಾವನೆ ಎಷ್ಟೋ ಸಲ ಯೋಚನೆಯಾಗಿ ರೂಪುಗೊಳ್ಳುವ ಮುನ್ನವೇ ಮೈಯಲ್ಲಿ ಕಾಣಿಸಿಕೊಂಡಿರುತ್ತದೆ.

ಭಾವನೆಯನ್ನು ಹೆಸರಿಟ್ಟು ಗುರುತಿಸುವುದರಲ್ಲೇ ಒಂದು ಶಮನವಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಶಾಖೆಯ ಮ್ಯಾಥ್ಯೂ ಲೀಬರ್‌ಮನ್ ಮತ್ತಿತರರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಿಟ್ಟು ಅಥವಾ ಹೆದರಿಕೆ ತುಂಬಿದ ಮುಖಗಳ ಚಿತ್ರ ನೋಡಿ ಆ ಭಾವನೆಗೆ ಹೆಸರು ಕೊಟ್ಟಾಗ ಅಮಿಗ್ಡಲಾದ ಪ್ರತಿಕ್ರಿಯೆ ಇಳಿಯಿತು, ಪ್ರಿಫ್ರಂಟಲ್ ಕಾರ್ಟೆಕ್ಸ್‌ನ ಒಂದು ಭಾಗದ ಚಟುವಟಿಕೆ ಏರಿತು. ‘ಇದು ಹೊಟ್ಟೆಕಿಚ್ಚು’, ‘ಇದು ಅವಮಾನ’, ‘ಇದು ಬರೀ ದಣಿವು’ ಎಂದು ಒಳಗೊಳಗೆ ಗುರುತು ಹಾಕಿಕೊಳ್ಳುವ ರೂಢಿ ವಿಪಶ್ಯನದ ಕೆಲವು ಸಂಪ್ರದಾಯಗಳಲ್ಲಿ ಮೊದಲಿಂದ ಇದೆ. ಹೆಸರಿಡುವಾಗ ತೀರ್ಪು ಬೆರೆಯದಂತೆ ನೋಡಿಕೊಳ್ಳಬೇಕು ಎಂಬುದೊಂದೇ ಎಚ್ಚರಿಕೆ. ‘ಮತ್ತೆ ಸಿಟ್ಟು ಮಾಡಿಕೊಂಡೆ, ಛೇ’ ಎಂದ ಕ್ಷಣ ಎರಡನೆಯ ಬಾಣ ನಾವೇ ಚುಚ್ಚಿಕೊಂಡಂತೆ.

ಭಾವನೆಯನ್ನು ಅದುಮುವುದಕ್ಕೂ ಗಮನಿಸುವುದಕ್ಕೂ ಇರುವ ವ್ಯತ್ಯಾಸವನ್ನು ಇಲ್ಲಿ ಒತ್ತಿ ಹೇಳಲೇಬೇಕು. ಅದುಮುವುದು ಫಲಿಸುವುದಿಲ್ಲ ಎಂಬುದನ್ನು ಡೇನಿಯಲ್ ವೆಗ್ನರ್ 1987ರಲ್ಲಿ ಸರಳವಾದ ಪ್ರಯೋಗದಿಂದ ತೋರಿಸಿದ್ದರು: ಬಿಳಿ ಕರಡಿಯನ್ನು ನೆನೆಯಬೇಡಿ ಎಂದು ಹೇಳಿಸಿಕೊಂಡವರಿಗೆ ಅದೇ ಕರಡಿ ಮತ್ತೆ ಮತ್ತೆ ನೆನಪಾಯಿತು, ಆ ನಿಷೇಧ ತೆಗೆದ ಮೇಲಂತೂ ಇನ್ನಷ್ಟು ಹೆಚ್ಚಾಗಿ. ಧ್ಯಾನ ಮಾಡುವವರು ಸಿಟ್ಟನ್ನು ನುಂಗಿಕೊಳ್ಳುತ್ತಾರೆ, ಮನಸ್ಸನ್ನು ಕಲ್ಲು ಮಾಡಿಕೊಳ್ಳುತ್ತಾರೆ ಎಂದು ಭಾವಿಸುವವರಿದ್ದಾರೆ. ಅಭ್ಯಾಸ ಸರಿಯಾಗಿ ನಡೆದರೆ ಭಾವನೆಗಳು ಮೊದಲಿಗಿಂತ ಸ್ಪಷ್ಟವಾಗಿ, ಕೆಲವೊಮ್ಮೆ ಮೊದಲಿಗಿಂತ ತೀವ್ರವಾಗಿಯೂ ಅನುಭವಕ್ಕೆ ಬರುತ್ತವೆ. ಬಂದದ್ದು ಬೇಗ ಹೋಗುತ್ತದೆ ಎಂಬುದೇ ವ್ಯತ್ಯಾಸ. ಸೈಕಲ್ ಮೇಲೆ ಕುಳಿತವರು ಅತ್ತ ಇತ್ತ ವಾಲದೆ ಇರುವುದಿಲ್ಲ, ಪ್ರತಿ ಕ್ಷಣವೂ ತುಸು ವಾಲುತ್ತ, ವಾಲಿದ್ದು ತಿಳಿದ ಕೂಡಲೇ ಸರಿಪಡಿಸಿಕೊಳ್ಳುತ್ತ ಮುಂದೆ ಹೋಗುತ್ತಾರೆ. ಭಾವನೆಗಳ ಸಮತೋಲನವೂ ಇಂಥದ್ದು. ದುಃಖದ ಸುದ್ದಿಗೆ ದುಃಖಪಡದ ಮನಸ್ಸು ಅದರ ಗುರಿಯಲ್ಲ.

ಈ ಬದಲಾವಣೆ ಕುಳಿತ ಹೊತ್ತಿಗಷ್ಟೇ ಸೀಮಿತವೇ ಎಂಬ ಪ್ರಶ್ನೆಗೆ ಗೇಲ್ ಡಿಬಾರ್ಡ್ ಮತ್ತಿತರರು 2012ರಲ್ಲಿ ಉತ್ತರ ಹುಡುಕಿದರು. ಎಂಟು ವಾರಗಳ ತರಬೇತಿಗೆ ಮುನ್ನ ಮತ್ತು ನಂತರ, ಧ್ಯಾನದಲ್ಲಿ ಇಲ್ಲದ ಸಾಮಾನ್ಯ ಹೊತ್ತಿನಲ್ಲಿ, ಭಾವನೆ ಕೆರಳಿಸುವ ಚಿತ್ರಗಳನ್ನು ತೋರಿಸಿದಾಗ ಗಮನದ ಧ್ಯಾನ ಕಲಿತವರ ಬಲ ಅಮಿಗ್ಡಲಾದ ಪ್ರತಿಕ್ರಿಯೆ ಇಳಿದಿತ್ತು. ಕುಳಿತಲ್ಲಿ ಕಲಿತದ್ದು ಎದ್ದು ನಡೆಯುವಾಗಲೂ ಜೊತೆಗೆ ಬರುತ್ತದೆ ಎಂಬುದಕ್ಕೆ ಇದೊಂದು ಸುಳಿವು.

ಉಸಿರಿಗೆ ಇನ್ನೊಂದು ನೇರವಾದ ಪಾತ್ರವೂ ಇದೆ. ಉಸಿರು ಒಳಗೆ ತೆಗೆದುಕೊಳ್ಳುವಾಗ ಹೃದಯದ ಬಡಿತ ತುಸು ಏರುತ್ತದೆ, ಬಿಡುವಾಗ, ಮಿದುಳಿನಿಂದ ಹೃದಯದ ಕಡೆಗೆ ಇಳಿದುಬರುವ ವೇಗಸ್ ನರದ ಪ್ರಭಾವದಿಂದ ತುಸು ಇಳಿಯುತ್ತದೆ. ನಿಮಿಷಕ್ಕೆ ಆರರ ಆಸುಪಾಸಿಗೆ ಉಸಿರಾಟವನ್ನು ನಿಧಾನಿಸಿದರೆ ಈ ಏರಿಳಿತ ದೊಡ್ಡದಾಗುತ್ತದೆ, ದೇಹ ಶಾಂತಸ್ಥಿತಿಯ ಕಡೆಗೆ ವಾಲುತ್ತದೆ. ಪ್ರಾಣಾಯಾಮದ ಬಹಳಷ್ಟು ಕ್ರಮಗಳಲ್ಲಿ ಬಿಡುವ ಉಸಿರನ್ನು ನೀಳವಾಗಿಸುವುದು ಇದಕ್ಕೆ ಹೊಂದುತ್ತದೆ. ಗಮನದ ತರಬೇತಿಯೂ ಈ ಶಾರೀರಿಕ ಶಮನವೂ ಬೇರೆಬೇರೆಯಾದರೂ ಒಂದಕ್ಕೊಂದು ನೆರವಾಗುತ್ತವೆ.

ಮನಸ್ಸು ಅಲೆದದ್ದನ್ನು ಗುರುತಿಸಿ ಮರಳಿ ತರುವ ತತ್ವವೇ ಚಿಕಿತ್ಸೆಯಾಗಿಯೂ ಬೆಳೆದದ್ದು ಗಮನಾರ್ಹ. 1979ರಲ್ಲಿ ಜಾನ್ ಕಬಾಟ್-ಜಿನ್ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ, ದೀರ್ಘಕಾಲದ ನೋವು ಮತ್ತು ಒತ್ತಡದಿಂದ ಬಳಲುವವರಿಗಾಗಿ, ಮುಂದೆ ಎಂಟು ವಾರಗಳ ಕಾರ್ಯಕ್ರಮವಾಗಿ ಪ್ರಸಿದ್ಧವಾದ ಧ್ಯಾನದ ತರಬೇತಿಯನ್ನು ಆರಂಭಿಸಿದರು. ಅದರ ಆಧಾರದ ಮೇಲೆ ಜಾನ್ ಟೀಸ್‌ಡೇಲ್, ಜಿಂಡೆಲ್ ಸೀಗಲ್ ಮತ್ತು ಮಾರ್ಕ್ ವಿಲಿಯಮ್ಸ್ ಖಿನ್ನತೆ ಮರುಕಳಿಸದಂತೆ ತಡೆಯುವ ಚಿಕಿತ್ಸೆಯೊಂದನ್ನು ರೂಪಿಸಿದರು. ಖಿನ್ನತೆಯಿಂದ ಹಲವು ಸಲ ನರಳಿದವರಲ್ಲಿ ಒಂದು ಸಣ್ಣ ಬೇಸರವೂ ಹಳೆಯ ಯೋಚನೆಗಳ ಇಡೀ ಸರಪಳಿಯನ್ನು ಎಳೆದುಕೊಂಡು ಬರುತ್ತದೆ: ಇವತ್ತು ಏಳಲು ಮನಸ್ಸಿಲ್ಲ, ಮತ್ತೆ ಶುರುವಾಯಿತು, ನಾನು ಯಾವತ್ತೂ ಸರಿಹೋಗುವುದಿಲ್ಲ, ನಾನು ಯಾವುದಕ್ಕೂ ಬಾರದವಳು. ಈ ಸರಪಳಿಯ ಮೊದಲ ಒಂದೆರಡು ಕೊಂಡಿಗಳಲ್ಲೇ ‘ಇದು ಯೋಚನೆ, ವಾಸ್ತವವೇ ಆಗಬೇಕೆಂದಿಲ್ಲ’ ಎಂದು ಗುರುತಿಸಲು ಅವರಿಗೆ ಕಲಿಸಲಾಯಿತು. 2000ದಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ, ಮೂರು ಅಥವಾ ಹೆಚ್ಚು ಸಲ ಖಿನ್ನತೆಗೆ ಒಳಗಾದವರಲ್ಲಿ ಸಾಮಾನ್ಯ ಚಿಕಿತ್ಸೆ ಮಾತ್ರ ಪಡೆದ ಶೇ. 66 ಮಂದಿಗೆ ಅದು ಮರುಕಳಿಸಿದರೆ, ಈ ತರಬೇತಿ ಪಡೆದವರಲ್ಲಿ ಮರುಕಳಿಸಿದ್ದು ಶೇ. 37 ಮಂದಿಗೆ. 2015ರಲ್ಲಿ ಬ್ರಿಟನ್ನಿನಲ್ಲಿ 424 ಮಂದಿಯ ಮೇಲೆ ನಡೆದ ಪ್ರಯೋಗದ ಫಲಿತಾಂಶ ಹೊರಬಂತು. ವೈದ್ಯರ ಉಸ್ತುವಾರಿಯಲ್ಲಿ ಔಷಧವನ್ನು ಹಂತಹಂತವಾಗಿ ಇಳಿಸಿಕೊಳ್ಳುತ್ತ ಈ ತರಬೇತಿ ಪಡೆದವರಲ್ಲಿ ಎರಡು ವರ್ಷದೊಳಗೆ ಶೇ. 44, ಔಷಧವನ್ನೇ ಮುಂದುವರಿಸಿದವರಲ್ಲಿ ಶೇ. 47 ಮಂದಿಗೆ ಖಿನ್ನತೆ ಮರುಕಳಿಸಿತ್ತು. ಎರಡೂ ಹೆಚ್ಚುಕಡಿಮೆ ಸಮವಾಗಿ ನಿಂತವು, ತರಬೇತಿ ಔಷಧವನ್ನು ಸೋಲಿಸಲಿಲ್ಲ. ಇದನ್ನು ಓದಿ ಯಾರೂ ತಾವಾಗಿಯೇ ಮಾತ್ರೆ ನಿಲ್ಲಿಸಬಾರದು ಎಂದು ಬೇರೆಯಾಗಿ ಹೇಳಬೇಕಿಲ್ಲವಾದರೂ ಹೇಳಿಬಿಡುತ್ತೇನೆ.

ಧ್ಯಾನದ ಬಗ್ಗೆ ಪ್ರೀತಿಯಿರುವವರು ಅದರ ಬಗೆಗಿನ ಉತ್ಪ್ರೇಕ್ಷೆಯನ್ನು ಎಲ್ಲರಿಗಿಂತ ಮೊದಲು ತಡೆಯಬೇಕು. 2014ರಲ್ಲಿ ಮಾಧವ್ ಗೋಯಲ್ ಮತ್ತಿತರರು 47 ಪ್ರಯೋಗಗಳನ್ನು, ಅವುಗಳಲ್ಲಿ ಭಾಗವಹಿಸಿದ 3,515 ಮಂದಿಯ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದಾಗ, ಆತಂಕ, ಖಿನ್ನತೆ ಮತ್ತು ನೋವು ತಗ್ಗುವುದಕ್ಕೆ ಸಾಧಾರಣ ಮಟ್ಟದ ಪುರಾವೆ ಸಿಕ್ಕಿತು. ವ್ಯಾಯಾಮ, ಔಷಧ ಮುಂತಾದ ಇತರ ಉಪಾಯಗಳಿಗಿಂತ ಧ್ಯಾನ ಮೇಲು ಎನ್ನಲು ಪುರಾವೆ ಸಿಗಲಿಲ್ಲ. ಎಂಟು ವಾರದ ಧ್ಯಾನದಿಂದ ಮಿದುಳಿನ ರಚನೆಯೇ ಬದಲಾಗುತ್ತದೆ ಎಂಬ ಮಾತು 2011ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದ ಬೆನ್ನೇರಿ ಎಲ್ಲೆಡೆ ಹಬ್ಬಿತು. ಅದರಲ್ಲಿ ತರಬೇತಿ ಪಡೆದವರು 16 ಮಂದಿ. 2022ರಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿಯನ್ನು ಒಳಗೊಂಡು, ಇನ್ನಷ್ಟು ಬಿಗಿಯಾದ ಕ್ರಮದಲ್ಲಿ ಪರೀಕ್ಷಿಸಿದಾಗ ಅಂಥ ರಚನೆಯ ಬದಲಾವಣೆ ಕಾಣಲಿಲ್ಲ. ಈ ಎರಡನೆಯ ಅಧ್ಯಯನ ಬಂದದ್ದು ಧ್ಯಾನದ ಸಂಶೋಧನೆಗೇ ಹೆಸರಾದ ಡೇವಿಡ್‌ಸನ್ ಅವರ ಬಳಗದಿಂದ. ಅದನ್ನು ಮುಚ್ಚಿಡದೆ ಪ್ರಕಟಿಸಿದ ಪ್ರಾಮಾಣಿಕತೆಯನ್ನು ನಾನು ಬಹಳ ಗೌರವಿಸುತ್ತೇನೆ. ಮಿದುಳಿನ ಗಾತ್ರ ಹಿಗ್ಗಲಿ ಬಿಡಲಿ, ಕೌಶಲ ಬೆಳೆಯುವುದಕ್ಕೆ ಅದು ಷರತ್ತೇನಲ್ಲ.

ಎಷ್ಟು ಹೊತ್ತು ಕೂರಬೇಕು ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ನ್ಯೂಯಾರ್ಕಿನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹೊಸಬರು ದಿನಕ್ಕೆ 13 ನಿಮಿಷ ಧ್ಯಾನ ಮಾಡಿದರು. ನಾಲ್ಕು ವಾರಕ್ಕೆ ವ್ಯತ್ಯಾಸ ಕಾಣಲಿಲ್ಲ, ಎಂಟು ವಾರಕ್ಕೆ ಗಮನ, ನೆನಪು ಮತ್ತು ಮನಃಸ್ಥಿತಿಯಲ್ಲಿ ಸುಧಾರಣೆ ಕಂಡಿತು. ಮೊದಲ ತಿಂಗಳಲ್ಲೇ ಏನೂ ಆಗುತ್ತಿಲ್ಲವೆಂದು ಬಿಡುವವರು ಇದನ್ನು ನೆನಪಿಡಬೇಕು. ವಾರಕ್ಕೊಮ್ಮೆ ಒಂದೂವರೆ ಗಂಟೆ ಕೂರುವುದಕ್ಕಿಂತ ದಿನವೂ ಅದೇ ಹೊತ್ತಿಗೆ ಕಾಲು ಗಂಟೆ ಕೂರುವುದು ಹೊಸಬರಿಗೆ ಸುಲಭವಾಗಿ ಕೂಡಿಬರುತ್ತದೆ. ತೂಕಡಿಕೆ ಬಂದರೆ ಕಣ್ಣನ್ನು ಅರ್ಧ ತೆರೆದು ನೆಲ ನೋಡಬಹುದು, ಎದ್ದು ನಡೆಯುತ್ತ ಅಂಗಾಲಿನ ಸ್ಪರ್ಶವನ್ನು ಗಮನಿಸಬಹುದು. ಕಸಿವಿಸಿ ಬಂದರೆ ಅದನ್ನೇ ಗಮನದ ವಸ್ತುವಾಗಿಸಿಕೊಳ್ಳಬಹುದು: ಮೈಯಲ್ಲಿ ಅದು ಎಲ್ಲಿದೆ, ಏರುತ್ತಿದೆಯೇ, ಇಳಿಯುತ್ತಿದೆಯೇ?

ಎಲ್ಲ ಅಹಿತವನ್ನೂ ಹೀಗೆ ಸಹಿಸಿಕೊಂಡು ಕೂರಬೇಕೆಂದೇನಿಲ್ಲ. 83 ಅಧ್ಯಯನಗಳನ್ನು ಪರಿಶೀಲಿಸಿ 2020ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು, ಧ್ಯಾನ ಮಾಡಿದವರಲ್ಲಿ ಸುಮಾರು ಶೇ. 8.3 ಮಂದಿಗೆ ಆತಂಕ, ಖಿನ್ನತೆಯಂಥ ಅನಪೇಕ್ಷಿತ ಪರಿಣಾಮಗಳು ಕಾಣಿಸಿಕೊಂಡವೆಂದು ತಿಳಿಸಿತು. ಹಿಂದೆ ತೀವ್ರವಾದ ಆಘಾತಕ್ಕೆ ಒಳಗಾದವರಿಗೆ ಕಣ್ಣು ಮುಚ್ಚಿ ಒಳಗೆ ನೋಡುವುದೇ ಆ ಘಟನೆಯನ್ನು ಮತ್ತೆ ಕಣ್ಣ ಮುಂದೆ ತಂದು ನಿಲ್ಲಿಸಬಹುದು; ಇನ್ನು ಕೆಲವರಿಗೆ ಉಸಿರನ್ನು ಗಮನಿಸಿದೊಡನೆ ಉಸಿರುಗಟ್ಟಿದಂತೆ ಆಗಬಹುದು. ಅಂಥವರು ಕಣ್ಣು ತೆರೆದೇ ಕುಳಿತು, ಉಸಿರನ್ನು ಬಿಟ್ಟು, ನೆಲಕ್ಕೆ ಊರಿದ ಪಾದಗಳ ಒತ್ತಡವನ್ನೋ ಸುತ್ತಲಿನ ಸದ್ದುಗಳನ್ನೋ ಆಲಂಬನವಾಗಿಸಿಕೊಳ್ಳಬಹುದು, ಅವಧಿಯನ್ನು ಎರಡು ಮೂರು ನಿಮಿಷಕ್ಕೆ ಇಳಿಸಿಕೊಳ್ಳಬಹುದು. ದಿನಗಟ್ಟಲೆ ನಿದ್ದೆ ಕೆಟ್ಟರೆ, ತಾನು ತಾನಲ್ಲವೆಂಬ, ಸುತ್ತಲಿನದು ನಿಜವಲ್ಲವೆಂಬ ಭಾವ ಕುಳಿತ ಹೊತ್ತಿನ ಆಚೆಗೂ ಮುಂದುವರಿದರೆ, ಅಭ್ಯಾಸವನ್ನು ನಿಲ್ಲಿಸಿ ಮನೋವೈದ್ಯರನ್ನು ಕಾಣಬೇಕು. ಮೊದಲೇ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿರುವವರು ದೀರ್ಘ ಮೌನದ ಶಿಬಿರಗಳಿಗೆ ಹೆಸರು ಕೊಡುವ ಮುನ್ನ ತಮ್ಮ ವೈದ್ಯರೊಡನೆಯೂ ಶಿಬಿರ ನಡೆಸುವವರೊಡನೆಯೂ ಈ ವಿಷಯವನ್ನು ಬಿಚ್ಚಿ ಮಾತಾಡುವುದು ಅಗತ್ಯ.